ಸೇಡಂ ಕಡೆಯ ಗಣಿಯಲ್ಲಿ ಗಿಡ ಹಚ್ಚಿದ್ದು

ಸೇಡಂ ಕಡೆ ಸುಣ್ಣದಕಲ್ಲು ತೆಗೆದು ಮುಗಿದ ಎಂಟು ಎಕರೆ ಗಣಿಯಲ್ಲಿ ಗಿಡ ಬೆಳೆಸುವ ಕೆಲಸ ನನ್ನ ಪಾಲಿಗೆ ಬಂತು. ತಳದಲ್ಲಿ ಬರೀ ಕಲ್ಲಿನ ಹಾಸು. ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುವ ಸೀಮೆ. ಚಪ್ಪಲಿ ಹಾಕಿದ್ದರೂ ಕಾಲು ಸುಡುತ್ತದೆ.

ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆ. ಕಲ್ಲು ಒಡೆಸಿ ಗುಂಡಿ ತೋಡಿಸಿ, ಎರೆ ಮಣ್ಣು ತುಂಬಿ, ಆಳೆತ್ತರದ ಬೇವು, ಹೊಂಗೆ ನೆಟ್ಟೆ. ಫೋಟೊ ಚೆನ್ನಾಗಿ ಬಂತು. ಸೆಪ್ಟೆಂಬರ್ ಮಳೆಗೆ ಗುಂಡಿಯಲ್ಲಿ ನೀರು ನಿಂತು ಬೇರು ಕೊಳೆಯಿತು. ಉಳಿದವು ಬೇಸಿಗೆಗೆ ಹೋದವು. ಎರೆ ಮಣ್ಣು ಒಣಗಿ ಬಿರಿದಾಗ ಎಳೆ ಬೇರನ್ನೂ ಹರಿದುಬಿಡುತ್ತದೆ. ನರ್ಸರಿಯ ಹಿರಿಯಮ್ಮ ಮೊದಲೇ ಕೇಳಿದ್ದರು, "ಕಲ್ಲಿನ ಗಡಿಗ್ಯಾಗ ಗಿಡ ಹಚ್ಚೀರಿ ಸಾಹೇಬ್ರ, ನೀರು ಎಲ್ಲಿಗಿ ಹೋಗಬೇಕ್ರಿ?" ನಾನು ನಕ್ಕು ಸುಮ್ಮನಾಗಿದ್ದೆ.

ಎರಡನೇ ವರ್ಷ ಗಿಡದ ಸುದ್ದಿಗೇ ಹೋಗಲಿಲ್ಲ. ಡೋಜರ್‌ನಿಂದ ತಳ ಸೀಳಿಸಿ, ಗರಸು ಹರಡಿ, ಮೇಲೆ ಮಣ್ಣು ಹಾಕಿಸಿದೆ. ನೀರು ಹಳೆಯ ಹೊಂಡಕ್ಕೆ ಹರಿಯುವ ಹಾಗೆ ಸಣ್ಣ ಇಳಿಜಾರು ಕೊಟ್ಟೆವು. ಮಣ್ಣಿನಲ್ಲೂ ಒಂದು ಪಾಠ ಆಯಿತು. ಗಣಿ ತೆರೆಯುವಾಗ ತೆಗೆದ ಮೇಲ್ಮಣ್ಣನ್ನು ವರ್ಷಗಟ್ಟಲೆ ಗುಡ್ಡೆ ಹಾಕಿಟ್ಟಿದ್ದರು. ಅದನ್ನು ಹರಡಿದ ಕಡೆ ಏನೂ ಏಳಲಿಲ್ಲ. ಪಕ್ಕದಲ್ಲಿ ಹೊಸದಾಗಿ ತೆಗೆಯುತ್ತಿದ್ದ ಮಣ್ಣನ್ನು ನೇರ ತಂದು ಸುರಿದ ಕಡೆ ಬಿತ್ತದೆಯೇ ಹುಲ್ಲು ಬಂತು! ಬೀಜ, ಜೀವ ಎರಡೂ ಅದರಲ್ಲೇ ಇತ್ತು ಅಲ್ವಾ. ಮಿಕ್ಕ ಜಾಗಕ್ಕೆ ಸೆಣಬು ಬಿತ್ತಿ, ಹೂ ಬಿಡುವಾಗ ಉತ್ತು ಮಣ್ಣಿಗೆ ಸೇರಿಸಿದೆವು. ಆಮೇಲೆ ಸ್ಟೈಲೊ ಎಂಬ ದ್ವಿದಳ ಮೇವು, ಅಂಜನ್ ಹುಲ್ಲು.

ಗಿಡ ಹಚ್ಚಿದ್ದು ಮೂರನೇ ಮಳೆಗಾಲಕ್ಕೆ. ಈ ಸಲ ಗೇಣುದ್ದದ ಸಸಿ. ಬೇವು, ಸೀತಾಫಲ, ಬೋರೆ. ಚಿಕ್ಕವೇ ಜಾಸ್ತಿ ಉಳಿದವು. ಮೇಲಿನವರ ಆಸೆಗೆ ಹಾಕಿದ ಪೇರಲ ಮಾತ್ರ ಕೈಕೊಟ್ಟಿತು. ಎಳೆ ಎಲೆ ಹಳದಿ, ನರ ಮಾತ್ರ ಹಸಿರು. ಯೂರಿಯಾ ಹಾಕಿ ಅಂದರು. ಕೊರತೆ ಇದ್ದದ್ದು ಕಬ್ಬಿಣದ್ದು. ಕಬ್ಬಿಣ ಕೊಡುವ ಅನ್ನಭೇದಿಯನ್ನು (ಫೆರಸ್ ಸಲ್ಫೇಟ್) ಬುಡಕ್ಕೆ ಹಾಕಿದರೆ ದಂಡ, ಸುಣ್ಣದ ನೆಲ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆಸಿಡ್ ಕಲಸಿ ಎಲೆಗೆ ಸಿಂಪಡಿಸಿದೆ. ಹಸಿರಾಯಿತು, ಆದರೆ ಪದೇ ಪದೇ ಹೊಡೆಯಬೇಕು. ಪೇರಲ ಇನ್ನು ಬೇಡ ಎಂದುಬಿಟ್ಟೆ.

ಕೊನೆಗೆ ಉಳಿದದ್ದು ಆಡಿನ ಕಾಟ. ಬೇಲಿ ಹಾಕಿದರೆ ಒಂದು ವಾರದಲ್ಲಿ ಕಂಬವೇ ಮಾಯ. ಹುಲ್ಲು ಕೊಯ್ದುಕೊಂಡು ಹೋಗಿ, ಆಡು ಒಳಗೆ ಬಿಡಬೇಡಿ ಎಂದು ಊರವರ ಜೊತೆ ಮಾತಾಡಿಕೊಂಡೆವು. ಹಗಲು ಯಾರೂ ಬಿಡುವುದಿಲ್ಲ. ರಾತ್ರಿ ಬಿಡ್ತಾರೆ, ಬೆಳಿಗ್ಗೆ ಹಿಕ್ಕೆ ನೋಡಿದರೆ ಗೊತ್ತಾಗುತ್ತದೆ.