ಉಬ್ಬುವ ಮಣ್ಣಿನ ಜೊತೆ ನನ್ನ ಕೆಲಸ

ಪರಮಾಣು ತ್ಯಾಜ್ಯವನ್ನು ಭೂಮಿಯ ಆಳದಲ್ಲಿ ಹೂಳುತ್ತಾರೆ ಅಂದರೆ ಎಲ್ಲರೂ ಡಬ್ಬಿಯ ಬಗ್ಗೆಯೇ ಕೇಳುತ್ತಾರೆ. ನಾನು ಕೆಲಸ ಮಾಡಿದ್ದು ಆ ಡಬ್ಬಿಯ ಸುತ್ತ ತುಂಬುವ ಬೆಂಟೋನೈಟ್ ಮಣ್ಣಿನ ಮೇಲೆ. ಅರ್ತಿಂಗ್ ಗುಂಡಿಗೆ ಹಾಕುತ್ತಾರಲ್ಲ, ಅದೇ ಜಾತಿಯದು.

ಫಿನ್ಲೆಂಡಿನಲ್ಲಿ ಇಂಥ ತ್ಯಾಜ್ಯ ಹೂಳಲೆಂದೇ ಕೊರೆದ ಓಂಕಾಲೋ ಎಂಬ ಜಾಗದಲ್ಲಿ ಸುಮಾರು 430 ಮೀಟರ್ ಆಳದ ಬಂಡೆಯಲ್ಲಿ ಗುಂಡಿ ಕೊರೆದು, 5 ಸೆಂಟಿಮೀಟರ್ ದಪ್ಪದ ತಾಮ್ರದ ಡಬ್ಬಿ ಇಳಿಸಿ, ಸುತ್ತ ಈ ಮಣ್ಣನ್ನು ಒತ್ತಿ ಮಾಡಿದ ಗಟ್ಟಿಗಳನ್ನು ಜೋಡಿಸುವುದು ಯೋಜನೆ. ಬಿರುಕಿನಿಂದ ನೀರು ಬಂದರೆ ಮಣ್ಣು ಅದನ್ನು ಕುಡಿದು ಉಬ್ಬುತ್ತದೆ, ಸಂದು ಮುಚ್ಚುತ್ತದೆ. ಆಮೇಲೆ ನೀರು ಸಲೀಸಾಗಿ ಹರಿಯಲು ದಾರಿ ಇರುವುದಿಲ್ಲ.

ಬೆಂಗಳೂರಿನ ಲ್ಯಾಬೊಂದರಲ್ಲಿ ನಾನು ರಾಜಸ್ಥಾನದ ಬಾರ್ಮೇರ್ ಕಡೆಯ ಬೆಂಟೋನೈಟ್ ಎಷ್ಟು ಬಲವಾಗಿ ಉಬ್ಬುತ್ತದೆ ಅಂತ ಅಳೆಯುತ್ತಿದ್ದೆ. ಮೊದಲು ಸ್ವಲ್ಪ ಪುಡಿಯನ್ನು ಓವನ್ನಿನಲ್ಲಿ ಒಣಗಿಸಿ ತೇವ ಎಷ್ಟಿದೆ ನೋಡಬೇಕು. ಇದು ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ, ಮಳೆಗಾಲದಲ್ಲಂತೂ ಜಾಸ್ತಿ. ಆಮೇಲೆ ಲೆಕ್ಕದ ಪ್ರಕಾರ ತೂಗಿ, ದಪ್ಪ ಸ್ಟೀಲ್ ರಿಂಗಿನೊಳಗೆ ಹೈಡ್ರಾಲಿಕ್ ಪ್ರೆಸ್ಸಿನಿಂದ ಒತ್ತುತ್ತಿದ್ದೆ. ಬಿಲ್ಲೆಯ ಮೈ ಮೇಣದಂತೆ ನುಣುಪಾಗಿರುತ್ತಿತ್ತು. ಮೇಲೆ ತಳ್ಳುವ ಬಲವನ್ನು ಅಳೆಯುವ ಲೋಡ್ ಸೆಲ್, ಕೆಳಗಿನಿಂದ ನೀರು. ಮೇಲೇಳಲು ಜಾಗ ಇಲ್ಲದ ಮಣ್ಣು ತಳ್ಳತೊಡಗುತ್ತದೆ. ರೀಡಿಂಗ್ ಮೊದಲು ಸರಸರ ಏರಿ ಆಮೇಲೆ ನಿಧಾನವಾಗುತ್ತದೆ. ಅದು ನಿಲ್ಲುವವರೆಗೂ ಕಾಯಲೇಬೇಕು.

ಎಲ್ಲ ಇರುವುದು ಸಾಂದ್ರತೆಯಲ್ಲಿ. ಒಣ ಸಾಂದ್ರತೆ, ಅಂದರೆ ತೇವದ ತೂಕ ಬಿಟ್ಟು ಲೆಕ್ಕ ಹಾಕಿದ್ದು, ಘನ ಸೆಂಟಿಮೀಟರಿಗೆ 1.6 ಗ್ರಾಂ ಇದ್ದರೆ ಒಳ್ಳೆಯ ಬೆಂಟೋನೈಟ್ ಕೆಲವು ಮೆಗಾಪ್ಯಾಸ್ಕಲ್ ಒತ್ತಡ ಕೊಡುತ್ತದೆ. ಒಂದು ಮೆಗಾಪ್ಯಾಸ್ಕಲ್ ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 10 ಕಿಲೋ! ಸಾಂದ್ರತೆ 1.4ಕ್ಕೆ ಇಳಿದರೆ ಒತ್ತಡ ಕಾಲುಭಾಗದ ಆಸುಪಾಸಿಗೆ ಬಿದ್ದುಬಿಡಬಹುದು. ಹಾಗಾಗಿ ಯಂತ್ರದ ಫ್ರೇಮಿಗೂ ಸಣ್ಣ ಅಲುಗಾಟ ಅಳೆಯುವ ಡಯಲ್ ಗೇಜ್ ಕೂರಿಸುತ್ತಿದ್ದೆ. ಫ್ರೇಮು ಕೂದಲೆಳೆಯಷ್ಟು ಬಾಗಿದರೂ ಮಣ್ಣಿಗೆ ಜಾಗ ಸಿಕ್ಕಿ ರೀಡಿಂಗ್ ಇಳಿಯುತ್ತದೆ. ಲ್ಯಾಬಿನಲ್ಲೇ ಹೀಗಾದರೆ, ಗುಂಡಿಯಲ್ಲಿ ಮಣ್ಣಿನ ಗಟ್ಟಿಗೂ ಬಂಡೆಗೂ ನಡುವೆ ಉಳಿಯುವ ಸಂದನ್ನು ಎಷ್ಟು ಗಂಭೀರವಾಗಿ ನೋಡಬೇಕು ಅಲ್ವಾ?

ತ್ಯಾಜ್ಯದಿಂದ ಹೊರಡುವ ಬಿಸಿಯ ಚಿಂತೆ ಬೇರೆ. ಫಿನ್ಲೆಂಡಿನವರು ಮಣ್ಣು 100 ಡಿಗ್ರಿ ಸೆಲ್ಸಿಯಸ್ ದಾಟದಂತೆ ಡಬ್ಬಿಗಳನ್ನು ದೂರ ದೂರ ಇಡುತ್ತಾರೆ. ನಮ್ಮ ಕೆಜಿಎಫ್‌ನಲ್ಲೂ, ಕೆಲಸ ನಿಂತಿದ್ದ ಗಣಿಯ ಒಂದು ಭಾಗದಲ್ಲಿ, ಸುಮಾರು 1000 ಮೀಟರ್ ಆಳದಲ್ಲಿ, 1980ರ ದಶಕದಲ್ಲಿ ಹೀಟರ್ ಇಟ್ಟು ಬಂಡೆ ಬಿಸಿಯನ್ನು ಹೇಗೆ ತಾಳುತ್ತದೆ ಅಂತ ಪರೀಕ್ಷಿಸಿದ್ದರು. ಇಟ್ಟದ್ದು ಹೀಟರ್, ತ್ಯಾಜ್ಯ ಅಲ್ಲ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಸುಮ್ನೆ ಭಯ ಹಬ್ಬುತ್ತದೆ.

ನನಗೆ ಹೆಚ್ಚು ಕಾಡುವುದು ನೀರು. ಆಳದ ನೀರು ಎಷ್ಟೋ ಕಡೆ ಉಪ್ಪು. ಉಪ್ಪು ಹೆಚ್ಚಾದಷ್ಟೂ ಬೆಂಟೋನೈಟ್ ಉಬ್ಬುವುದು ಕಡಿಮೆ. ಭಾರತದಲ್ಲಿ ಇಂಥ ಆಳದ ಜಾಗ ಇನ್ನೂ ಗೊತ್ತುಮಾಡಿಲ್ಲ. ಗೊತ್ತುಮಾಡುವ ಮೊದಲೇ ಆ ಬಂಡೆಯ ನೀರನ್ನು ಲ್ಯಾಬಿಗೆ ತರಿಸಿ, ಅದರಲ್ಲೇ ವರ್ಷಗಟ್ಟಲೆ ಮಣ್ಣನ್ನು ಪರೀಕ್ಷಿಸಬೇಕು. ಡಿಸ್ಟಿಲ್ಡ್ ನೀರಿನಲ್ಲಿ ಬಂದ ಅಂಕಿ ನನ್ನದೇ ಆದರೂ, ಅದೊಂದನ್ನೇ ನಂಬಿ ಜಾಗ ಆರಿಸಲು ನಾನು ಒಪ್ಪುವುದಿಲ್ಲ.