ಮೊದಲು ಗೆರೆ, ಆಮೇಲೆ ಸೂತ್ರ: ಡಿಫರೆನ್ಷಿಯಲ್ ಈಕ್ವೇಷನ್ ಪೇಪರ್ ನಾನು ಮುಗಿಸಿದ ಬಗೆ

ಡಿಫರೆನ್ಷಿಯಲ್ ಈಕ್ವೇಷನ್ ಅಂದರೆ ಒಂದು ಪ್ರಮಾಣ ಎಷ್ಟು ವೇಗದಲ್ಲಿ ಬದಲಾಗುತ್ತದೆ ಅಂತ ಹೇಳುವ ಸಮೀಕರಣ. ಆ ಪೇಪರ್‌ನಲ್ಲಿ ನನಗೆ ಮೂರನೇ ಸಲಕ್ಕೆ ನೂರಕ್ಕೆ 78 ಬಂತು. ಮೊದಲ ಸಲ 22, ಎರಡನೇ ಸಲ 31. ಪಾಸಾಗಲು 35 ಸಾಕಿತ್ತು, ಅದೂ ಸಿಕ್ಕಿರಲಿಲ್ಲ. ಮೂರನೇ ಸಲ ನಾನು ಲೆಕ್ಕ ಬಿಡಿಸುವ ಮೊದಲು ಗೆರೆ ಎಳೆದು ಓದುತ್ತಿದ್ದ ರೀತಿ ನೋಡಿ ಹಾಸ್ಟೆಲ್‌ನಲ್ಲಿ ಯಾರಿಗೂ ನಂಬಿಕೆ ಇರಲಿಲ್ಲ. "ಲೇ, ಚಿತ್ರ ಬಿಡಿಸಿದ್ರೆ ಯಾರು ಮಾರ್ಕ್ಸ್ ಕೊಡ್ತಾರೋ?" ಅಂತ ರೂಮ್‌ಮೇಟ್ ಕೇಳಿದ್ದ. ಟ್ಯೂಷನ್ ಸರ್ ಕೂಡ "ಪರೀಕ್ಷೆಗೆ ಇದೆಲ್ಲ ಬರಲ್ಲಪ್ಪ, ಸುಮ್ನೆ ಟೈಮ್ ಹಾಳು" ಅಂದಿದ್ದರು. ಈಗ ಅದೇ ರೂಮ್‌ಮೇಟ್ ನನ್ನ ನೋಟ್‌ಬುಕ್ ಇಸ್ಕೊಂಡು ಹೋಗಿದ್ದಾನೆ, ಅವನದೂ ಇದೇ ಪೇಪರ್ ಬಾಕಿ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷದ ಬಿಇಗೆ ಸೇರಿದವನು. ಊರು ಹಾವೇರಿ ಕಡೆ, ಕಾಲೇಜು ದಾವಣಗೆರೆ. ಪಿಯುಸಿಯಿಂದ ಬಂದವರಿಗೆ ಇಂಟಿಗ್ರೇಷನ್ ಕೈಗೆ ಹತ್ತಿರುತ್ತದೆ, ನಮಗೆ ಹಾಗಲ್ಲ. ಮೊದಲ ಸಲ ಫೇಲಾದಾಗ ಅಪ್ಪ ಮೆಕ್ಕೆಜೋಳ ಮಾರಿದ ದುಡ್ಡಲ್ಲಿ ಟ್ಯೂಷನ್‌ಗೆ ಏಳು ಸಾವಿರ ಕೊಟ್ಟರು. ಮೇಲೆ ಬ್ಯಾಕ್ ಪೇಪರ್ ಫೀ, ರೀವ್ಯಾಲ್ಯುಯೇಷನ್, ಉತ್ತರ ಪತ್ರಿಕೆಯ ಜೆರಾಕ್ಸ್ ಅಂತ ಇನ್ನೊಂದು ಎರಡೂವರೆ ಸಾವಿರ ಹೋಯಿತು. ರೀವ್ಯಾಲ್ಯುಯೇಷನ್‌ನಲ್ಲಿ ಒಂದು ಮಾರ್ಕೂ ಏರಲಿಲ್ಲ. ಆ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆದರೆ ಆ ಜೆರಾಕ್ಸ್ ಪ್ರತಿ ಒಂದು ಉಪಕಾರ ಮಾಡಿತು. ನನ್ನದೇ ಉತ್ತರಗಳನ್ನು ತಣ್ಣಗೆ ಕೂತು ನೋಡಿದೆ. ಈ ಈಕ್ವೇಷನ್‌ಗಳಲ್ಲಿ ಹಲವು ವಿಧ, ಒಂದೊಂದಕ್ಕೂ ಬಿಡಿಸುವ ಮೆಥಡ್ ಬೇರೆ. ಒಂದು ಕಡೆ ಎಕ್ಸಾಕ್ಟ್ ಅಲ್ಲದ ಈಕ್ವೇಷನ್ನನ್ನು ಎಕ್ಸಾಕ್ಟ್ ಅಂತ ಬಿಡಿಸಿದ್ದೆ. ಇನ್ನೊಂದು ಕಡೆ ಬರ್ನೂಲಿ ಈಕ್ವೇಷನ್‌ಗೆ ಲೀನಿಯರ್ ಸೂತ್ರ ಹಾಕಿದ್ದೆ. ತಣ್ಣಗಾಗುವ ವಸ್ತುವಿನ ಲೆಕ್ಕದಲ್ಲಿ ಚಿಹ್ನೆ ತಪ್ಪಿ, ಅದು ಹೊತ್ತು ಹೋದಂತೆ ಇನ್ನೂ ಬಿಸಿಯಾಗುತ್ತದೆ ಅಂತ ಉತ್ತರ ಬಂದಿತ್ತು. ಬರೆದು ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ. ಹದಿನಾರು ವಿಧ ಬಾಯಿಪಾಠ ಮಾಡಿದ್ದೆ, ಉತ್ತರ ಹೇಗಿರಬೇಕು ಅನ್ನುವ ಅಂದಾಜು ಮಾತ್ರ ಒಂದರಲ್ಲೂ ಇರಲಿಲ್ಲ.

ದಾರಿ ಸಿಕ್ಕಿದ್ದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ 18.03 ಅನ್ನುವ ಡಿಫರೆನ್ಷಿಯಲ್ ಈಕ್ವೇಷನ್ ಕೋರ್ಸಿನ ವಿಡಿಯೋಗಳಲ್ಲಿ. ಆರ್ಥರ್ ಮ್ಯಾಟಕ್ ಅವರು 2003ರಲ್ಲಿ ಮಾಡಿದ ಪಾಠ, ನೆಟ್‌ನಲ್ಲಿ ಬಿಟ್ಟಿ ಸಿಗುತ್ತದೆ. ಮೊದಲ ಪಾಠದಲ್ಲೇ ಅವರು ಬಿಡಿಸುವ ಮೆಥಡ್‌ಗೆ ಕೈ ಹಾಕುವುದಿಲ್ಲ. ಬೋರ್ಡ್ ಮೇಲೆ ಪುಟ್ಟ ಪುಟ್ಟ ಇಳಿಜಾರು ಗೆರೆ ಎಳೆಯುತ್ತಾರೆ. ಇಂಗ್ಲಿಷ್ ನನಗೆ ಅರ್ಧವೇ ಅರ್ಥವಾಯಿತು. ಗೆರೆಗಳು ಪೂರ್ತಿ ಅರ್ಥವಾದವು.

ಅವತ್ತೇ ಚೌಕುಳಿ ನೋಟ್‌ಬುಕ್ ತಂದು ಡಿವೈ/ಡಿಎಕ್ಸ್ = ಎಕ್ಸ್ − ವೈ ಹಾಕಿದೆ. ಒಂದು ಬಿಂದುವಿನಲ್ಲಿ ಡಿವೈ/ಡಿಎಕ್ಸ್ ಎಷ್ಟೋ ಅಷ್ಟೇ ಅಲ್ಲಿ ಎಳೆಯುವ ಗೆರೆಯ ಇಳಿಜಾರು. ನೀವೂ ಇದನ್ನೇ ಮೊದಲು ಮಾಡಿ. ಎಕ್ಸ್ ಮತ್ತು ವೈ ಸಮ ಇರುವ ಕಡೆಯೆಲ್ಲ ಗೆರೆ ಮಲಗುತ್ತದೆ. ಅದರ ಮೇಲಿರುವವು ಕೆಳಗೆ ಬಾಗುತ್ತವೆ, ಕೆಳಗಿರುವವು ಮೇಲೆ ಏಳುತ್ತವೆ. ವೈ = ಎಕ್ಸ್ − 1 ಅನ್ನುವ ರೇಖೆಯ ಮೇಲೆ ಎಲ್ಲ ಗೆರೆಯ ಇಳಿಜಾರೂ 1, ಆ ರೇಖೆಯ ಇಳಿಜಾರೂ 1. ಅಂದರೆ ಆ ರೇಖೆಯೇ ಒಂದು ಉತ್ತರ. ಉಳಿದ ಎಲ್ಲ ಕರ್ವ್‌ಗಳೂ ಎಲ್ಲಿಂದ ಹೊರಟರೂ ಬಲಕ್ಕೆ ಹೋಗುತ್ತ ಬಂದು ಅದಕ್ಕೇ ಅಂಟಿಕೊಳ್ಳುತ್ತವೆ. ಆಮೇಲೆ ಸೂತ್ರದಿಂದ ಬಿಡಿಸಿದೆ. ಎಕ್ಸ್ − 1, ಜೊತೆಗೆ ಸಿ ಗುಣಿಸು ಇ ಘಾತ ಮೈನಸ್ ಎಕ್ಸ್. ಸಿ ಅಂದರೆ ಯಾವುದೋ ಒಂದು ಸ್ಥಿರ ಸಂಖ್ಯೆ. ಆ ಇ ಇರುವ ಭಾಗ ಸಿಎಫ್ (ಕಾಂಪ್ಲಿಮೆಂಟರಿ ಫಂಕ್ಷನ್, ಎಲ್ಲಿಂದ ಹೊರಟೆವು ಅನ್ನುವುದನ್ನು ಹೊತ್ತ ಭಾಗ), ಅದು ಕ್ರಮೇಣ ಸತ್ತುಹೋಗುತ್ತದೆ. ಎಕ್ಸ್ − 1 ಪಿಐ (ಪರ್ಟಿಕ್ಯುಲರ್ ಇಂಟಿಗ್ರಲ್, ಈಕ್ವೇಷನ್‌ಗೆ ಹೊಂದುವ ಒಂದು ಉತ್ತರ), ಅದು ಉಳಿಯುತ್ತದೆ. ಎರಡು ಸೆಮಿಸ್ಟರ್ ಸಿಎಫ್ ಪ್ಲಸ್ ಪಿಐ ಅಂತ ಬರೆದಿದ್ದೆ. ಎರಡನ್ನೂ ಯಾಕೆ ಕೂಡಿಸುತ್ತೇವೆ ಅಂತ ಆ ರಾತ್ರಿ ಹನ್ನೊಂದು ಗಂಟೆಗೆ ಕಣ್ಣಿಗೆ ಕಂಡಿತು. ಖುಷಿಗೆ ಅವತ್ತು ನಿದ್ದೆ ಬರಲಿಲ್ಲ.

ಅಲ್ಲಿಂದ ಸುಮಾರು 70 ದಿನ, ದಿನಕ್ಕೆ ನಾಲ್ಕೇ ಲೆಕ್ಕ. ಟ್ಯೂಷನ್‌ನಲ್ಲಿ ದಿನಕ್ಕೆ 20 ಮಾಡಿಸುತ್ತಿದ್ದರು. ನಾನು ನಾಲ್ಕೇ ಮಾಡಿದೆ, ಆದರೆ ಬಿಡಿಸುವ ಮೊದಲು ಉತ್ತರ ಏರುತ್ತದೋ, ಇಳಿಯುತ್ತದೋ, ತೂಗಾಡುತ್ತದೋ ಅಂತ ಪೆನ್ಸಿಲ್‌ನಲ್ಲಿ ಗೀಚಲೇಬೇಕು. ಬಿಡಿಸಿದ ಮೇಲೆ ಉತ್ತರವನ್ನು ಈಕ್ವೇಷನ್‌ಗೆ ವಾಪಸ್ ಹಾಕಿ ನೋಡಲೇಬೇಕು. ಇದಕ್ಕೆ ಮೊದಮೊದಲು ಆರು ನಿಮಿಷ ಬೇಕಾಗುತ್ತಿತ್ತು, ಕೊನೆಗೆ ಒಂದೂವರೆ ನಿಮಿಷಕ್ಕೆ ಇಳಿಯಿತು. ಪಿಐ ವಾಪಸ್ ಹಾಕಿ ನೋಡುವುದಕ್ಕೆ ನನ್ನದೇ ಒಂದು ಅಡ್ಡದಾರಿ ಇದೆ, ಎರಡೇ ಸಾಲಿನದು. ಅದನ್ನು ಇಲ್ಲಿ ಬರೆಯುವುದಿಲ್ಲ. ನೂರು ಲೆಕ್ಕ ಮಾಡಿದವರಿಗೆ ಅದು ತಾನಾಗೇ ಸಿಗುತ್ತದೆ.

ರೆಸೊನೆನ್ಸ್ ಕೇಸ್ (ತಳ್ಳುವ ಲಯವೂ ತೂಗುವ ಲಯವೂ ಒಂದೇ ಆಗುವುದು) ಮಾತ್ರ ಬಹಳ ಕಾಡಿತು. ಡಿ ಸ್ಕ್ವೇರ್ ಪ್ಲಸ್ 4, ಬಲಗಡೆ ಸೈನ್ 2ಎಕ್ಸ್. ಇಲ್ಲಿ ಡಿ ಅಂದರೆ ಡಿಫರೆನ್ಷಿಯೇಟ್ ಮಾಡು ಅನ್ನುವ ಗುರುತು. ಪಿಐ ತೆಗೆಯಲು ಡಿ ಸ್ಕ್ವೇರ್ ಜಾಗಕ್ಕೆ ಮೈನಸ್ 4 ಹಾಕಿದರೆ ಛೇದದಲ್ಲಿ ಸೊನ್ನೆ ಬರುತ್ತದೆ. "ಆಗ ಎಕ್ಸ್‌ನಿಂದ ಗುಣಿಸಿ" ಅಂತ ಹೇಳಿಕೊಟ್ಟಿದ್ದರು, ಯಾಕೆ ಅಂತ ಹೇಳಿರಲಿಲ್ಲ. ನಾಗರ ಪಂಚಮಿಗೆ ಊರಿಗೆ ಹೋದಾಗ ತಂಗಿಯನ್ನು ಜೋಕಾಲಿಯಲ್ಲಿ ತೂಗುತ್ತಿದ್ದೆ. ಜೋಕಾಲಿಯ ಲಯಕ್ಕೆ ಸರಿಯಾಗಿ ತಳ್ಳಿದರೆ ಪ್ರತಿ ಸಲ ಇನ್ನಷ್ಟು ಮೇಲೆ ಹೋಗುತ್ತದೆ, ಅಲ್ವಾ? ಆ "ಇನ್ನಷ್ಟು" ಅನ್ನುವುದೇ ಉತ್ತರದಲ್ಲಿ ಬರುವ ಎಕ್ಸ್. ಮೈನಸ್ ಎಕ್ಸ್ ಬೈ 4, ಗುಣಿಸು ಕಾಸ್ 2ಎಕ್ಸ್. ಆ ಲೆಕ್ಕ ಆಮೇಲೆ ನನಗೆ ತಪ್ಪಿದ್ದೇ ಇಲ್ಲ.

ಈ ಮಧ್ಯೆ ಪ್ರಯೋಗದ ಹುಚ್ಚೂ ಹತ್ತಿತು. 150 ರೂಪಾಯಿಯ ಥರ್ಮಾಮೀಟರ್ ತಂದು ಸ್ಟೀಲ್ ಲೋಟದಲ್ಲಿ ಬಿಸಿನೀರು ಇಟ್ಟು ತಣ್ಣಗಾಗುವ ಬಗ್ಗೆ ನ್ಯೂಟನ್ ಹೇಳಿದ ನಿಯಮ (ಸುತ್ತಲಿಗಿಂತ ಎಷ್ಟು ಹೆಚ್ಚು ಬಿಸಿಯೋ ಅಷ್ಟು ಬೇಗ ತಣ್ಣಗಾಗುತ್ತದೆ) ನೋಡಿದೆ. ಮೊದಲ ಮೂರು ಸಲ ಕೆಟ್ಟಿತು. 90 ಡಿಗ್ರಿಯಿಂದ ಶುರು ಮಾಡಿದರೆ ಆವಿಯೇ ಶಾಖ ಹೊತ್ತುಕೊಂಡು ಹೋಗುತ್ತದೆ, ಲೆಕ್ಕಕ್ಕಿಂತ ಬೇಗ ತಣ್ಣಗಾಗುತ್ತದೆ. ತಟ್ಟೆ ಮುಚ್ಚಿ, 60ರಿಂದ ಶುರು ಮಾಡಿದೆ. ರೂಮಿನಲ್ಲಿ 27 ಇತ್ತು. ಹತ್ತು ನಿಮಿಷಕ್ಕೆ 53. ಇಪ್ಪತ್ತು ನಿಮಿಷಕ್ಕೆ ಲೆಕ್ಕದ ಪ್ರಕಾರ 47.5 ಬರಬೇಕು, ಥರ್ಮಾಮೀಟರ್ 48ರ ಹತ್ತಿರ ತೋರಿಸಿತು.

ಇದಕ್ಕಿಂತ ಚೆನ್ನಾಗಿ ಬಂದದ್ದು ನೀರು ಸೋರುವ ಡಬ್ಬಿ. ತೂತಿನಿಂದ ನೀರು ಸೋರುವ ಬಗೆ ಹೇಳುವ ಟೊರಿಚೆಲ್ಲಿ ನಿಯಮದಲ್ಲಿ ನೀರಿನ ಎತ್ತರ ಇಳಿಯುವ ವೇಗ ಎತ್ತರದ ವರ್ಗಮೂಲಕ್ಕೆ ತಕ್ಕಂತೆ. ಮೊದಲು ಬಕೆಟ್‌ನಲ್ಲಿ ಮಾಡಿದೆ. ಬಕೆಟ್ ಕೆಳಗೆ ಕಿರಿದು, ಲೆಕ್ಕ ಕೂಡಲಿಲ್ಲ. ಆಮೇಲೆ ನೇರ ಗೋಡೆಯ ಪ್ಲಾಸ್ಟಿಕ್ ಡಬ್ಬಿಗೆ ಕಾದ ಮೊಳೆಯಿಂದ ತೂತು ಮಾಡಿದೆ. ತೂತಿನಿಂದ 16, 9, 4, 1 ಸೆಂಟಿಮೀಟರ್ ಎತ್ತರಕ್ಕೆ ಗುರುತು ಹಾಕಿದೆ. ವರ್ಗಮೂಲ 4, 3, 2, 1. ಹಾಗಾಗಿ ಒಂದು ಗುರುತಿನಿಂದ ಇನ್ನೊಂದಕ್ಕೆ ಇಳಿಯಲು ಸಮ ಸಮಯ ಬೇಕು. ನನಗೆ ಬಂದದ್ದು 80, 82, 88 ಸೆಕೆಂಡ್ ಆಸುಪಾಸು. ಕೊನೆಗೆ ನೀರು ಧಾರೆ ಬಿಟ್ಟು ಹನಿಯಾಗುತ್ತದೆ, ಅಲ್ಲಿ ನಿಯಮ ನಡೆಯುವುದಿಲ್ಲ. ಇದೇ ಡಬ್ಬಿಯಿಂದ ಯುನೀಕ್‌ನೆಸ್ ಥಿಯರಮ್ (ಶುರುವಿನ ಷರತ್ತು ಕೊಟ್ಟರೆ ಉತ್ತರ ಒಂದೇ ಅಂತ ಯಾವಾಗ ಹೇಳಬಹುದು ಅನ್ನುವುದು) ಕೂಡ ತಲೆಗೆ ಹತ್ತಿತು. ಖಾಲಿ ಡಬ್ಬಿ ನೋಡಿ ಅದು ಯಾವಾಗ ಖಾಲಿಯಾಯಿತು ಅಂತ ಯಾರೂ ಹೇಳಲಾರರು. ಎತ್ತರ ಸೊನ್ನೆ ಅನ್ನುವ ಒಂದೇ ಷರತ್ತಿಗೆ ಹಿಂದಿನ ಕಥೆ ಎಷ್ಟು ಬೇಕಾದರೂ ಇರಬಹುದು.

ಸೂತ್ರವಿಲ್ಲದೆ ಹೆಜ್ಜೆ ಹೆಜ್ಜೆಯಾಗಿ ಉತ್ತರದ ಅಂಕಿ ತೆಗೆಯುವ ನ್ಯೂಮರಿಕಲ್ ಮೆಥಡ್‌ಗೂ ಅದೇ ಎಕ್ಸ್ − ವೈ ಇಟ್ಟುಕೊಂಡೆ. ಎಕ್ಸ್ ಸೊನ್ನೆಯಾದಾಗ ವೈ 1 ಅಂತ ಶುರು. ಎಕ್ಸ್ 1 ಆದಾಗ ನಿಜ ಉತ್ತರ 0.736. ಹೆಜ್ಜೆಯ ಶುರುವಿನ ಇಳಿಜಾರನ್ನೇ ಹಿಡಿದು ಸಾಗುವ ಆಯ್ಲರ್ ಮೆಥಡ್‌ನಲ್ಲಿ 0.5ರ ಎರಡು ಹೆಜ್ಜೆ ಹಾಕಿದರೆ 0.5 ಬರುತ್ತದೆ. 0.1ರ ಹತ್ತು ಹೆಜ್ಜೆಗೆ 0.697. ಆರ್‌ಕೆಯಲ್ಲಿ (ರುಂಗೆ-ಕುಟ್ಟಾ ಮೆಥಡ್, ಪ್ರತಿ ಹೆಜ್ಜೆಗೂ ನಾಲ್ಕು ಸಲ ಇಳಿಜಾರು ನೋಡಿ ಸರಾಸರಿ ಹಿಡಿಯುವುದು) ಅದೇ ಎರಡು ದೊಡ್ಡ ಹೆಜ್ಜೆಗೆ 0.736. ಆರ್‌ಕೆಗೆ ಯಾಕಷ್ಟು ಒದ್ದಾಡಬೇಕು ಅನ್ನುವವರು ಈ ಮೂರು ಅಂಕಿ ನೋಡಿದರೆ ಸಾಕು. ಇನ್ನೊಂದು ಮಾಡಿ ನೋಡಿ. ಡಿವೈ/ಡಿಎಕ್ಸ್ = −20 ವೈ, ಆಯ್ಲರ್, ಹೆಜ್ಜೆ 0.1. ಸೊನ್ನೆಗೆ ಇಳಿಯಬೇಕಾದ ಉತ್ತರ 1, −1, 1, −1 ಅಂತ ಕುಣಿಯುತ್ತದೆ. ನಾನು ಕ್ಯಾಲ್ಕುಲೇಟರ್ ಕೆಟ್ಟಿದೆ ಅಂತ ಅರ್ಧ ದಿನ ಕಳೆದಿದ್ದೆ. ಹೆಜ್ಜೆ ದೊಡ್ಡದಾಗಿತ್ತು, ಅಷ್ಟೇ.

ಪರೀಕ್ಷೆಯಲ್ಲಿ ಗೆರೆಗಳನ್ನು ಕೊನೆಯ ಪುಟದಲ್ಲಿ ಪೆನ್ಸಿಲ್‌ನಲ್ಲಿ ಹಾಕಿದೆ, ಆಮೇಲೆ ಅಡ್ಡ ಹೊಡೆದೆ. ಎರಡು ತಪ್ಪು ಅಲ್ಲೇ ಸಿಕ್ಕಿಬಿದ್ದವು. 15–16 ಮಾರ್ಕ್ಸ್ ಅದರಿಂದಲೇ ಉಳಿಯಿತು. ಲಾಪ್ಲಾಸ್ (ಈಕ್ವೇಷನ್ ಬಿಡಿಸುವ ಇನ್ನೊಂದು ಮೆಥಡ್) ಲೆಕ್ಕ ಒಂದನ್ನು ಪೂರ್ತಿ ಬಿಟ್ಟೆ, ಟೈಮ್ ಸಾಲಲಿಲ್ಲ.

ಮೂರನೇ ಸಲದ ಖರ್ಚು ಫೀ ಬಿಟ್ಟರೆ 400 ರೂಪಾಯಿ ದಾಟಿಲ್ಲ. ಅದರಲ್ಲಿ ಅರ್ಧ ಚೌಕುಳಿ ನೋಟ್‌ಬುಕ್‌ಗೇ ಆಯಿತು.

ಈಗ ವಸ್ತುವಿನೊಳಗೆ ಶಾಖ ಹೇಗೆ ಹರಡುತ್ತದೆ ಅಂತ ಹೇಳುವ ಹೀಟ್ ಈಕ್ವೇಷನ್ ಹಿಡಿದಿದ್ದೇನೆ. ಕಬ್ಬಿಣದ ಸಲಾಕೆ, ಒಂದು ತುದಿ ಮೇಣದ ಬತ್ತಿಯ ಮೇಲೆ, 5 ಮತ್ತು 10 ಸೆಂಟಿಮೀಟರ್ ದೂರದಲ್ಲಿ ಒಂದೊಂದು ಮೇಣದ ಹನಿ. ತುದಿಯ ಬಿಸಿ ಬದಲಾಗದಿದ್ದರೆ ಹನಿ ಕರಗಲು ಎರಡರಷ್ಟು ದೂರಕ್ಕೆ ನಾಲ್ಕರಷ್ಟು ಸಮಯ ಬರಬೇಕಿತ್ತು, ನನಗೆ ಆರರ ಹತ್ತಿರ ಬರುತ್ತಿದೆ. ಪಕ್ಕದಿಂದ ಶಾಖ ಸೋರುತ್ತಿದೆ ಅನ್ನಿಸುತ್ತದೆ. ಭಾನುವಾರ ಸಲಾಕೆಗೆ ಬಟ್ಟೆ ಸುತ್ತಿ ಇನ್ನೊಮ್ಮೆ ನೋಡಬೇಕು.