ಚೊಗರಿನ ವಾಸನೆ ಆಗದ ದಿನಗಳು

ನಮ್ಮದು ತೀರ್ಥಹಳ್ಳಿ ಕಡೆ ತೋಟದ ಮನೆ. ಅದು ನವೆಂಬರ್ ಕೊನೆ, ಅಡಿಕೆ ಕೊಯ್ಲು ಜೋರಾಗಿತ್ತು. ರಾತ್ರಿ ಹನ್ನೊಂದರವರೆಗೆ ಸುಲಿಯೋದು, ಬೆಳಿಗ್ಗೆ ಹಂಡೆಯಲ್ಲಿ ಬೇಯಿಸೋದು. ಅಂಥ ಹೊತ್ತಲ್ಲಿ ನನಗೆ ಸಂಜೆ ಏಳಕ್ಕೇ ಕಣ್ಣು ಎಳೆಯುತ್ತಿತ್ತು. ಮೆಟ್ಟುಗತ್ತಿ ಮುಂದೆ ಕೂತು ತೂಕಡಿಸಿದ್ದೇನೆ, ಬೆರಳು ಉಳಿದಿದ್ದೇ ಪುಣ್ಯ. ಎದೆ ನೋವು, ಕಿಬ್ಬೊಟ್ಟೆ ಹಿಡಿದ ಹಾಗೆ. ಮುಟ್ಟು ಬರೋ ಸೂಚನೆ ಅಂದುಕೊಂಡೆ.

ಬರಲಿಲ್ಲ. ಒಂದೇ ದಿನ ತಡವಾಗಿದ್ದಕ್ಕೆ ಮೆಡಿಕಲ್ ಶಾಪಿಂದ ಬಸಿರು ನೋಡೋ ಕಿಟ್ ತರಿಸಿ, ಎರಡು ಚೊಂಬು ನೀರು ಕುಡಿದು, ಮಧ್ಯಾಹ್ನ ಪರೀಕ್ಷೆ ಮಾಡಿದೆ. ಒಂದೇ ಗೆರೆ. ಐದು ದಿನ ಬಿಟ್ಟು ಊರಿನ ಆಶಾ ಕಾರ್ಯಕರ್ತೆ ಅಕ್ಕ ಕೊಟ್ಟ ಕಿಟ್‌ನಲ್ಲಿ ಬೆಳಿಗ್ಗೆ ಎದ್ದ ಕೂಡಲೇ ನೋಡಿದೆ. ಎರಡನೇ ಗೆರೆ ಮಸುಕಾಗಿ ಬಂತು. "ಮಸುಕಾದ್ರೂ ಗೆರೆ ಗೆರೆನೇ ಮಾರಾಯ್ತಿ" ಅಂದರು ಅಕ್ಕ. ಬಸಿರಾದಾಗ ಮೂತ್ರದಲ್ಲಿ ಬರೋ, ಕಿಟ್ ಹುಡುಕೋ ಎಚ್‌ಸಿಜಿ ಹಾರ್ಮೋನು ಮೊದಮೊದಲು ಎರಡು-ಮೂರು ದಿನಕ್ಕೊಮ್ಮೆ ದುಪ್ಪಟ್ಟಾಗುತ್ತದೆ. ನಾನು ಅವಸರ ಮಾಡಿದ್ದೂ ಅಲ್ಲದೆ ನೀರು ಕುಡಿದು ಅದನ್ನು ತೆಳು ಮಾಡಿದ್ದೆ.

ಡಾಕ್ಟರು "ಐದು ವಾರ" ಅಂದಾಗ ಗಾಬರಿ ಆಯ್ತು. ಐದು ವಾರದ ಹಿಂದೆ ನಮ್ಮವರು ಊರಲ್ಲೇ ಇರಲಿಲ್ಲವಲ್ಲ! ಆಮೇಲೆ ಗೊತ್ತಾಯ್ತು, ಲೆಕ್ಕ ಶುರುವಾಗೋದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಅಂದರೆ ಸುಮಾರು ಮೊದಲ ಎರಡು ವಾರ ಹೊಟ್ಟೆಯಲ್ಲಿ ಏನೂ ಇರೋದಿಲ್ಲ, ಲೆಕ್ಕಕ್ಕೆ ಮಾತ್ರ ಬಸುರಿ. ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಬರೆದುಕೊಟ್ಟರು. ಮಿದುಳು, ಬೆನ್ನುಹುರಿ ಆಗುವ ನಳಿಕೆ ಗರ್ಭ ನಿಂತು 28 ದಿನದ ಹೊತ್ತಿಗೆ ಮುಚ್ಚಿಕೊಳ್ಳುತ್ತದಂತೆ. ಮಗು ಬೇಕು ಅಂತ ಅಂದುಕೊಂಡಾಗಲೇ ಈ ಮಾತ್ರೆ ಶುರು ಮಾಡಬೇಕಿತ್ತು. ಹಪ್ಪಳ, ಸಂಡಿಗೆ, ಸೀಮಂತದ ಸೀರೆವರೆಗೆ ಮಾತಾಡಿದವರು ಯಾರೂ ಇದನ್ನು ಹೇಳಿರಲಿಲ್ಲ.

ಆರನೇ ವಾರಕ್ಕೆ ವಾಕರಿಕೆ ಹತ್ತಿಕೊಂಡಿತು. ಬೆಳಗಿನ ಹೊತ್ತು ಮಾತ್ರ ಅನ್ನೋದು ಶುದ್ಧ ಸುಳ್ಳು. ಚಿಕ್ಕಂದಿನಿಂದ ಅಡಿಕೆ ಬೇಯಿಸಿದ ನೀರಿನ, ಅಂದರೆ ಚೊಗರಿನ ವಾಸನೆಯಲ್ಲೇ ಬೆಳೆದವಳು ನಾನು. ಈಗ ಹಂಡೆಯ ಹಬೆ ಅಂಗಳ ದಾಟುವ ಮೊದಲೇ ಬಚ್ಚಲಿಗೆ ಓಡುತ್ತಿದ್ದೆ. ಅತ್ತೆ "ಮೂರು ತಿಂಗಳು ಯಾರಿಗೂ ಹೇಳಬೇಡ" ಅಂದಿದ್ದರು. ಅಡಿಕೆ ಸುಲಿಯೋ ಹೆಂಗಸರಿಗೆ ಹೇಳುವ ಅಗತ್ಯವೇ ಬರಲಿಲ್ಲ, ನಾನು ಓಡೋದು ನೋಡಿ ನಗುತ್ತಿದ್ದರು. ಹೊಟ್ಟೆ ಖಾಲಿ ಬಿಟ್ಟಷ್ಟೂ ಜಾಸ್ತಿ ಆಗುತ್ತಿತ್ತು. ಹಾಸಿಗೆ ಬಿಡುವ ಮೊದಲೇ ಎರಡು ರಸ್ಕ್, ಆಮೇಲೆ ಎರಡೆರಡು ಗಂಟೆಗೆ ಒಂದು ಸೌಟು ತಣ್ಣನೆ ಗಂಜಿ, ಒಂದು ಚೂರು ಅಪ್ಪೆಮಿಡಿ. ಬಿಸಿ ಅನ್ನದ ಹಬೆ ಆಗುತ್ತಿರಲಿಲ್ಲ, ತಣ್ಣಗಾದರೆ ಆಗುತ್ತಿತ್ತು. ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ ಆಸ್ಪತ್ರೆಗೆ ಬಾ ಅಂದಿದ್ದರು ಡಾಕ್ಟರು. ಅಲ್ಲಿಯವರೆಗೆ ಹೋಗಲಿಲ್ಲ.

ಏಳನೇ ವಾರ ಒಂದು ಬೆಳಿಗ್ಗೆ ಕಂದು ಬಣ್ಣದ ಕಲೆ ಕಂಡಿತು. ಕೈಕಾಲು ತಣ್ಣಗಾದವು. ಫೋನ್ ಮಾಡಿದ್ದಕ್ಕೆ ಡಾಕ್ಟರು, "ಸ್ವಲ್ಪ ಕಲೆ ಎಷ್ಟೋ ಜನಕ್ಕೆ ಆಗುತ್ತೆ, ಆದ್ರೂ ನೋಡಲೇಬೇಕು. ಒಂದು ಪಕ್ಕ ಜೋರು ನೋವು, ಭುಜ ನೋವು, ತಲೆಸುತ್ತು ಇದೆಯಾ?" ಅಂತ ಕೇಳಿದರು. ಗರ್ಭಕೋಶದ ಹೊರಗೆ ಬೆಳೆದಿದ್ದರೆ ಹಾಗಾಗುತ್ತದೆ, ಆಗ ಒಂದು ಗಳಿಗೆಯೂ ಕಾಯುವಂತಿಲ್ಲ. ನನಗೆ ಅದಿರಲಿಲ್ಲ. ಶಿವಮೊಗ್ಗಕ್ಕೆ ಹೊರಟೆವು. ಮಂಡಗದ್ದೆಯಲ್ಲಿ ಕಾರು ನಿಲ್ಲಿಸಿ ವಾಂತಿ ಮಾಡಿ, ತುಂಗೆ ಕಡೆ ನೋಡುತ್ತಾ ಸುಮ್ನೆ ನಿಂತೆ. ಸ್ಕ್ಯಾನಿಂಗ್‌ನಲ್ಲಿ ಅಕ್ಕಿಕಾಳಿನಷ್ಟು ಬಿಳಿ, ಅದರೊಳಗೆ ಮಿಣಮಿಣ ಅನ್ನೋ ಚುಕ್ಕೆ. ಎದೆಬಡಿತ ಅಂದರು.

ಹನ್ನೆರಡು ವಾರದೊಳಗೆ ತಾಯಿ ಕಾರ್ಡ್ ಮಾಡಿಸಿದ್ದಾಯ್ತು. ಕೊನೇ ಕೊಯ್ಲಿನ ಅಡಿಕೆ ಬೇಯುವಾಗ ಹದಿಮೂರನೇ ವಾರ. ಸುಲಿಯೋರಿಗೆ ಚಹಾ ಕೊಡೋಕೆ ಹೋದವಳು ಹಂಡೆ ಪಕ್ಕದಲ್ಲೇ ನಿಂತಿದ್ದೇನೆ ಅಂತ ನನಗೇ ಗೊತ್ತಾಗಲಿಲ್ಲ. ಅತ್ತೆ ಹೇಳಿದ ಮೇಲೆ ಮೂಗೆಳೆದು ನೋಡಿದೆ. ಬರೀ ಚೊಗರು.